ಏನೂ ಹಾಕದ ಪಟ್ಟಿ

ಬೆಳಗ್ಗೆ ಎಂಟೂವರೆಗೆ ಅಳತೆ ಮುಗಿಯಿತು. ಸೀಮೆಗೊಬ್ಬರ ಹಾಕಿದ ಪಟ್ಟಿಯಲ್ಲಿ ಐವತ್ತೆರಡು ಸೇರು ರಾಗಿ, ಏನೂ ಹಾಕದ ಪಟ್ಟಿಯಲ್ಲಿ ಐವತ್ತೊಂದು. ಎರಡೂ ಒಂದೇ ಹೊಲದ ಐದೈದು ಗುಂಟೆ ನೆಲ.

ಈ ಪರೀಕ್ಷೆ ಹೂಡಿದ್ದ ಗ್ರಾಮಸೇವಕ ಬಯ್ಯಪ್ಪ ಇನ್ನೊಮ್ಮೆ ಅಳೆಸಿದ. ಅದೇ ಬಂತು. ಅಕ್ಕಯ್ಯಮ್ಮ ಸೇರನ್ನು ಬೋರಲು ಹಾಕಿ ಕಣದಲ್ಲೇ ಕೂತಳು. ಮೂರು ದಿನ ಗುಂಡುಕಲ್ಲು ಎಳೆಸಿ, ತೂರಿ, ಕೇರಿ ತೋಳು ಬಿದ್ದುಹೋಗಿತ್ತು. ಗಂಡ ತೀರಿಕೊಂಡ ಮೇಲೆ ಇದು ಅವಳ ನಾಲ್ಕನೇ ಬೆಳೆ. ಕಳವಾರದ ಬೆಟ್ಟದ ಬುಡದ ಆ ಹೊಲದಲ್ಲಿ ಮೇಲ್ಮಣ್ಣು ಕೊಚ್ಚಿಹೋಗಿ ಹರಳುಕಲ್ಲು ಎದ್ದಿತ್ತು. ಗೊಬ್ಬರವಿಲ್ಲದೆ ಪೈರು ಮೊಳಕಾಲುದ್ದವೂ ಬರುತ್ತಿರಲಿಲ್ಲ. ಬರುವ ವರ್ಷ ಮೂಟೆ ಸೀಮೆಗೊಬ್ಬರವೋ, ಹಿಕ್ಕೆಗಾಗಿ ರಾತ್ರಿ ಹೊಲದಲ್ಲಿ ನಿಲ್ಲಿಸುವ ಕುರಿಮಂದೆಯೋ, ಎರಡನ್ನೂ ಪೂರ್ತಿ ತರುವ ಶಕ್ತಿ ಅವಳಿಗಿರಲಿಲ್ಲ.

ಕುರಿಗಾರ ಗಂಗುಲಪ್ಪ ಕಂಬಳಿ ಹೊದ್ದು ಕಣದ ಅಂಚಿನಲ್ಲಿ ಉತ್ತರಕ್ಕೆ ಕಾಯುತ್ತಿದ್ದ.

"ನೋಡ್ದೇನಮ್ಮ, ಉಪ್ಪಿನಂಗೆ ಬೆಳ್ಳಗಿರೋದೆಲ್ಲ ಗೊಬ್ಬರ ಆಗ್ತದಾ? ಬೇಸಿಗೇಲಿ ಹನ್ನೆರಡು ರಾತ್ರಿ ನಿನ್ನ ಹೊಲದಲ್ಲಿ ಮಂದೆ ನಿಲ್ಲಿಸ್ತೀನಿ. ಬೇಡ ಅಂದ್ರೆ ಹೇಳ್ಬಿಡು, ಪೆರೇಸಂದ್ರದೋರು ಕಾಯ್ತಾವ್ರೆ."

"ಹಂಗೇ ಆಗ್ಲಿ ಬಿಡಪ್ಪ," ಎಂದಳು ಅಕ್ಕಯ್ಯಮ್ಮ.

"ತಾಳೇ," ಎಂದಳು ಮೊರ ಹಿಡಿದಿದ್ದ ಅತ್ತೆ ಚಿಕ್ಕವೆಂಕಟಮ್ಮ. "ಆ ಖಾಲಿ ಪಟ್ಟಿಗೆ ನಾನು ಹಾಕಿದ್ದೆ ಕಣೇ."

"ಏನತ್ತೆ ಹಾಕಿದ್ದು?"

"ತಿಪ್ಪೆಗೊಬ್ಬರ. ನಲವತ್ತು ಮಂಕರಿ. ಇವರು ಗೂಟ ಹೊಡೆದ್ರಲ್ಲ, ಮಾರನೇ ದಿನ ನೀನು ತವರಿಗೆ ಹೋಗಿದ್ದೆ. ಒಂದು ಎಲೆಗೆ ಬಡಿಸಿ ಪಕ್ಕದ ಎಲೆ ಬರಿದು ಬಿಡೋದುಂಟಾ?"

"ಬರಿದು ಬಿಡೋದೇ ಪರೀಕ್ಷೆ ಕಣಜ್ಜಿ!" ಬಯ್ಯಪ್ಪ ತಲೆ ಮೇಲೆ ಕೈ ಹೊತ್ತ. "ಎಷ್ಟು ಸಲ ಹೇಳ್ದೆ!"

"ಹೇಳಿದ್ರಿ ಸ್ವಾಮಿ. ಸಂಬಳದ ದಿನ ನೀವೊಬ್ರೇ ಬರಿಗೈಲಿ ನಿಂತು ನೋಡಿ, ಆಮೇಲೆ ಮಾತಾಡಣ."

ಗಂಗುಲಪ್ಪ ಕಂಬಳಿಯೊಳಗೇ ನಕ್ಕ. ಅಕ್ಕಯ್ಯಮ್ಮನಿಗೆ ನಗು ಬರಲಿಲ್ಲ. ಆ ತಿಪ್ಪೆಗೊಬ್ಬರ ಬೆಟ್ಟದ ಏರಿನಲ್ಲಿದ್ದ ಮೇಲಿನ ಹೊಲಕ್ಕೆಂದು ವರ್ಷವಿಡೀ ಕೂಡಿಹಾಕಿದ್ದು. ಅತ್ತೆ ಅಲ್ಲಿಗೇ ಹಾಕಿದ್ದಾಳೆಂದು ನಂಬಿ, ರಾಗಿ ಗಿಡ್ಡವಾದದ್ದಕ್ಕೆ ಅವಳು ಇಷ್ಟು ದಿನ ಬೀಜವನ್ನು ಬೈದುಕೊಂಡಿದ್ದಳು. ಅತ್ತೆಯನ್ನು ಬೈಯಲು ಈಗ ಅವಳಲ್ಲಿ ತ್ರಾಣವಿರಲಿಲ್ಲ.

"ನೀವು ಸೀಮೆಗೊಬ್ಬರ ಎಷ್ಟು ಹಾಕ್ಸಿದ್ರಿ ಸ್ವಾಮಿ?" ಎಂದು ಬಯ್ಯಪ್ಪನನ್ನು ಕೇಳಿದಳು.

"ಆರು ಸೇರು."

"ಆರು ಸೇರಿಗೂ ನಲವತ್ತು ಮಂಕರಿಗೂ ಒಂದೇ ರಾಗಿ. ಹಂಗಾದ್ರೆ ನಿಮ್ಮದು ಸುಳ್ಳಲ್ಲ."

"ಸುಳ್ಳಲ್ಲ. ಆದರೆ ಬರೀ ಇದನ್ನೇ ನಂಬ್ಕೊಂಡ್ರೆ ಈ ಮಣ್ಣು ಇನ್ನೂ ಕೆಡ್ತದಮ್ಮ. ತಿಪ್ಪೇದೂ ಬೇಕು."

ಅಕ್ಕಯ್ಯಮ್ಮ ಸೀರೆ ಕೊಡವಿ ಎದ್ದಳು. "ಗಂಗುಲಪ್ಪ, ಆರೇ ರಾತ್ರಿ ಸಾಕು. ಇಲ್ಲಲ್ಲ, ಮೇಲಿನ ಹೊಲದಲ್ಲಿ. ಕುರಿ ತಾನೇ ನಡ್ಕೊಂಡು ಹತ್ತುತ್ತೆ, ಮಂಕರಿ ಹತ್ತಲ್ಲ."

"ಆರಕ್ಕೆಲ್ಲ ಯಾರಮ್ಮ ಬರ್ತಾರೆ?" ಎಂದ ಗಂಗುಲಪ್ಪ. ಹೋಗಲಿಲ್ಲ.

ಬಯ್ಯಪ್ಪ ವರದಿಯಲ್ಲಿ ಪರೀಕ್ಷೆ ಕೆಟ್ಟಿತೆಂದು ಬರೆದ. ೧೯೬೧ರ ಮೇ ತಿಂಗಳಲ್ಲಿ ಕುರಿಮಂದೆ ಮೇಲಿನ ಹೊಲದಲ್ಲಿ ಏಳು ರಾತ್ರಿ ನಿಂತಿತು. ಜುಲೈಯಲ್ಲಿ ಅಕ್ಕಯ್ಯಮ್ಮ ಚಿಕ್ಕಬಳ್ಳಾಪುರದಿಂದ ಅರ್ಧ ಮೂಟೆ ಸೀಮೆಗೊಬ್ಬರ ತಂದು, ಕೆಳಗಿನ ಹೊಲಕ್ಕೆ ತಿಪ್ಪೆಗೊಬ್ಬರದ ಜೊತೆ ಹಾಕಿದಳು.