ಗೇಟಿನಲ್ಲಿ ಹೇಳಿದ ಹೊತ್ತು

ಮಾರ್ಚ್ ಹನ್ನೊಂದು, ಮಂಗಳವಾರ, ಮಧ್ಯಾಹ್ನ ಎರಡು ಗಂಟೆ ಹತ್ತು ನಿಮಿಷ. ಸಿದ್ಧ ಉಡುಪಿನ ಕಾರ್ಖಾನೆಯ ಗೇಟಿಗೆ ಒಬ್ಬ ಗಂಡಸು ಬಂದ. ಇಸ್ತ್ರಿ ಹಾಕಿದ ಅಂಗಿ, ಕೈಯಲ್ಲಿ ಮಗುವಿನ ಹೊಸ ಶೂ. ಹೆಂಡತಿಯ ಹೆಸರು ಹೇಳಿ ಕೇಳಿದ.

"ಅಣ್ಣಾ, ಗುಂಡಿ ಕಾಜಾ ಮಿಷನ್ನಲ್ಲಿ ನನ್ನ ಹೆಂಡ್ತಿ ಇದಾಳೆ. ಎಷ್ಟೊತ್ತಿಗೆ ಬಿಡ್ತಾರೆ?"

ಗೇಟಿನಲ್ಲಿದ್ದವನು ಖಾಸಗಿ ಸೆಕ್ಯುರಿಟಿ ಕಂಪನಿಯ ಗಾರ್ಡ್. ಎಲ್ಲರೂ ಮೀಸೆಯಣ್ಣ ಎನ್ನುತ್ತಿದ್ದರು.

"ಐದೂವರೆಗೆ. ಆಯಮ್ಮ ಹಿಂದಿನ ಗೇಟಿಂದ ಹೋಗ್ತಾರೆ," ಎಂದ.

ಐದು ಮೂವತ್ತೆಂಟಕ್ಕೆ ಹಿಂದಿನ ಗೇಟಿನ ತಿರುವಿನಲ್ಲಿ, ಗಂಡ ಬೀಸಿದ ಕಬ್ಬಿಣದ ಸರಳಿನ ಏಟಿಗೆ ಅವಳ ಬಲ ಮಣಿಕಟ್ಟು ಎರಡು ಕಡೆ ಮುರಿಯಿತು. ಅವನು ಓಡಿಹೋದ.

ಮರುದಿನ ಸೆಕ್ಯುರಿಟಿ ಕಂಪನಿಯ ಮೇಲ್ವಿಚಾರಕಿ ಬಂದರು.

"ಗಂಡ ಹೆಂಡ್ತಿ ಜಗಳ ಮೇಡಂ, ನಡುವೆ ನಾವ್ಯಾಕೆ?" ಎಂದ ಮೀಸೆಯಣ್ಣ. "ಅವನನ್ನ ಒಳಗಂತೂ ಬಿಟ್ಟಿಲ್ಲ. ನೊಣ ಬಂದ್ರೂ ಪಾಸ್ ಕೇಳ್ತೀನಿ ನಾನು."

"ನೊಣಕ್ಕೆ ಪಾಸ್ ಕೇಳೋರು, ಅವನಿಗೆ ಹೊತ್ತೂ ದಾರೀನೂ ಹೇಳಿಬಿಟ್ರಲ್ಲಣ್ಣ! ಅವನ ಕಣ್ಣಿಗೆ ಬೀಳಬಾರದು ಅಂತಾನೇ ಆಯಮ್ಮ ಹಿಂದಿನ ಗೇಟು ಕೇಳಿದ್ದು."

"ಮರ್ಯಾದಸ್ಥನ ಥರ ಇದ್ದ. ಮಗುಗೆ ಶೂ ಬೇರೆ ತಂದಿದ್ದ."

"ಬಡಿಯೋಕೆ ಬರೋನು ಬೋರ್ಡು ಹಾಕ್ಕೊಂಡು ಬರ್ತಾನಾ?"

ಮೇಲ್ವಿಚಾರಕಿ ಫೈಲು ತೆರೆದರು. ಅವಳ ಹತ್ತಿರ ಅವನು ಸುಳಿಯಬಾರದೆಂಬ ಕೋರ್ಟಿನ ಆದೇಶ, ಜೊತೆಗೆ ಅವನ ಫೋಟೊ. ಅವಳು ಅವನ್ನು ಐದು ವಾರದ ಹಿಂದೆಯೇ ಮೇಲ್ವಿಚಾರಕಿಗೆ ಕೊಟ್ಟಿದ್ದಳು.

ಮೀಸೆಯಣ್ಣ ಫೋಟೊವನ್ನೇ ನೋಡಿದ. "ಇದನ್ನ ನನಗ್ಯಾರೂ ತೋರಿಸ್ಲಿಲ್ಲ."

"ಹೌದು. ಅದು ನನ್ನ ತಪ್ಪು. ಕೇಳಿದ್ದಕ್ಕೆಲ್ಲ ಬಾಯಿ ಬಿಟ್ಟಿದ್ದು ನಿಮ್ಮದು."

ಮೀಸೆಯಣ್ಣ ಫೋಟೊವನ್ನು ಕೈಗೆ ತೆಗೆದುಕೊಂಡ. ಆಮೇಲೆ, "ಮತ್ತೆ ಬಂದ್ರೆ ಏನ್ ಹೇಳ್ಲಿ ಮೇಡಂ?" ಎಂದ.

"ಇದಾರೆ ಅನ್ನಬೇಡಿ, ಇಲ್ಲ ಅಂತಾನೂ ಅನ್ನಬೇಡಿ. 'ಯಾರ ವಿಷಯಾನೂ ಹೇಳೋ ಹಾಗಿಲ್ಲ' ಅನ್ನಿ, ಸಾಕು. ಪೊಲೀಸರಿಗೆ ಫೋನ್ ಮಾಡಿ, ಆಯಮ್ಮಂಗೆ ತಿಳಿಸಿ. ಅವನ ಜೊತೆ ಕೈಕೈ ಮಿಲಾಯಿಸೋಕೆ ಹೋಗಬೇಡಿ."

ಮೀಸೆಯಣ್ಣ ಫೋಟೊವನ್ನು ಕಾವಲುಕೋಣೆಯ ಒಳಗೋಡೆಗೆ, ಹೊರಗಿನವರಿಗೆ ಕಾಣದಂತೆ ಅಂಟಿಸಿದ. ಪಾಳಿ ಬದಲಾಗುವಾಗ ಬಂದ ಗಾರ್ಡಿಗೂ ತೋರಿಸಿದ.

ಗೇಟು ಕಾಯುವ ಅಣ್ಣಂದಿರೇ, ಅಕ್ಕಂದಿರೇ, ಎಷ್ಟೇ ನಯವಾಗಿ ಕೇಳಿದರೂ ಒಬ್ಬರ ಹೊತ್ತು, ದಾರಿ, ವಿಳಾಸ ಇನ್ನೊಬ್ಬರಿಗೆ ಹೇಳಬೇಡಿ. ಕೇಳುವವನು ಗಂಡನೇ ಆಗಿರಲಿ. ಮನೆಯಲ್ಲಿ ಏಟು ತಿಂದು ಹೊರಬಂದ ತಾಯಂದಿರೇ, ನೀವು ಕೊಟ್ಟ ಕೋರ್ಟ್ ಆದೇಶದ ನಕಲು ಗೇಟಿನಲ್ಲಿ ನಿಂತವರಿಗೆ ತಲುಪಿದೆಯೇ ಎಂದು ಕೇಳಿ. ಕೇಳುವುದು ನಿಮ್ಮ ಹಕ್ಕು.

ಅವಳ ಕೈಯ ಪ್ಲಾಸ್ಟರ್ ಬಿಚ್ಚಿ ಎರಡು ತಿಂಗಳಾಯಿತು. ಏಟು ಬೀಳದ ಎಡ ಮಣಿಕಟ್ಟು ಎಪ್ಪತ್ತು ಡಿಗ್ರಿ ಬಾಗುತ್ತದೆ. ಕಾಜಾ ಹಾಕುವ ಬಲ ಮಣಿಕಟ್ಟು, ಮೂವತ್ತೊಂದು.