ಎಡಕ್ಕೆ ಎಳೆಯುವ ಗಾಡಿ

ಗಾಲಿ ಅಲೈನ್‌ಮೆಂಟ್ ಅಂಗಡಿಯವನು ನಮ್ಮ ಓಮ್ನಿಯನ್ನು ಒಳಗೇ ಬಿಟ್ಟುಕೊಳ್ಳಲಿಲ್ಲ. ತುಕ್ಕು ಹಿಡಿದ ಬಾಗಿಲ ಮೇಲೆ ಬೆರಳಲ್ಲಿ ಟಕಟಕ ಬಡಿದು, ‘ಇಸ್ಕು ಕಬಾಡ್ ಮೆ ಡಾಲ್ದೋ ಮಿಯಾ’ ಅಂದ. ಗುಜರಿಗೆ ಹಾಕಬೇಕಂತೆ. ನಾನು ಅವನ ಕೈಯನ್ನು ಬಾಗಿಲಿನಿಂದ ಕಿತ್ತು ತೆಗೆದೆ. ಮುಂದೆ ಏನಾಯಿತು ಅನ್ನುವುದು ಬೇಡ, ಇನ್ನು ಮೇಲೆ ಆ ಅಂಗಡಿಯ ಮುಂದೆ ನಾನು ಹಾಯುವಂತಿಲ್ಲ ಅಷ್ಟೇ. ನಾನು ಕೆಲಸ ಮಾಡಿ ಬಿಟ್ಟ ಗ್ಯಾರೇಜುಗಳ ಮುಂದೆಯೂ ಹಾಯುವಂತಿಲ್ಲ. ಎಲ್ಲಾ ಕಡೆಯೂ ತಪ್ಪು ಅವರದೇ.

ಗಾಡಿ ನಮ್ಮಪ್ಪ ಬೂದೆಪ್ಪನದು. ಯಾದಗಿರಿ ಕಡೆಯಿಂದ ಈ ತೆಲುಗು ಸೀಮೆಗೆ ಗಾರೆ ಬುಟ್ಟಿ ಹೊರಲು ಬಂದವನು ಮಣಿಕೊಂಡದಲ್ಲೇ ಮೇಸ್ತ್ರಿಯಾದ. ಆಳುಗಳನ್ನೂ ಸಾಮಾನನ್ನೂ ಈ ಓಮ್ನಿಯಲ್ಲೇ ತುಂಬಿಕೊಂಡು ತಿರುಗಿದ. ಹೋದ ವರ್ಷ ಎಡಮೈಗೆ ಲಕ್ವಾ ಹೊಡೆಯಿತು. ಈಗ ನಡೆಯುತ್ತಾನೆ, ಎಡಗೈ ಎತ್ತುತ್ತಾನೆ, ಗೇರೂ ಹಾಕುತ್ತಾನೆ. ಆದರೆ ಯಾರೂ ಅವನ ಕೈಗೆ ಕರಣಿ ಕೊಡುವುದಿಲ್ಲ.

ಅಂಥವನು ಭಾನುವಾರ ಪಟಾನ್‌ಚೆರುವಿಗೆ ತಾನೇ ಗಾಡಿ ನಡೆಸಿಕೊಂಡು ಹೋಗುತ್ತೇನೆಂದು ಹಟ ಹಿಡಿದಿದ್ದ. ಅಲ್ಲಿ ನನ್ನ ತಂಗಿ ಭಾಗ್ಯಶ್ರೀ ತುಂಬಿದ ಬಸುರಿ. ಚೊಚ್ಚಲ ಹೆರಿಗೆಗೆ ಕರೆದುಕೊಂಡು ಬರಬೇಕು.

‘ಕ್ಯಾಬ್ ಮಾಡಂತ ಹೇಳೋ ನಿಮ್ಮಪ್ಪಗ,’ ಅಂದಳು ಅವ್ವ ಸಾಬಮ್ಮ. ಅಪ್ಪ ಎದುರಿಗೇ ಕೂತಿದ್ದ.

‘ಮದುವಿ ಮರುದಿನ ನಾನ ಇದರಾಗ ಕುಂದ್ರಿಸಿಕೊಂಡು ಹೋಗಿ ಬಿಟ್ಟು ಬಂದೀನಿ,’ ಅಂದ ಅಪ್ಪ. ‘ಬಾಣಂತನಕ್ಕೂ ನಾನ ಬರ್ತೀನಿ ಅಂದೀನಿ ಆಕಿಗೆ. ಗಾಡಿ ಎಡಕ್ಕ ಎಳಿತೈತಿ, ಅದೊಂದು ಸರಿ ಆದ್ರ ಮುಗೀತು.’

ಎಳೆಯುತ್ತಿದ್ದುದು ನಿಜ. ಮುಂದಿನ ಟೈರುಗಳ ಒಂದು ಅಂಚನ್ನು ಇಲಿ ಕಡಿದಂತಾಗಿತ್ತು. ಶನಿವಾರ ಬೆಳಿಗ್ಗೆ ಮನೆ ಪಕ್ಕದ ಖಾಲಿ ಪ್ಲಾಟಿನಲ್ಲಿ ನಾನೇ ಸರಿ ಮಾಡುತ್ತೇನೆಂದು ಗಾಡಿ ನಿಲ್ಲಿಸಿದೆ.

ಅಪ್ಪ ಸುಮ್ಮನಿರುವನೇ? ಗೋಡೆ ಕಟ್ಟುವ ದಾರ ತಂದ. ಗಾಡಿಯ ಎರಡೂ ಬದಿಗೆ ಇಟ್ಟಿಗೆ ಇಟ್ಟು, ಗಾಲಿಯ ನಡುಮಟ್ಟಕ್ಕೆ ದಾರ ಎಳೆದು ಕಟ್ಟಿದ. ಎಲ್ಲೋ ಉಳಿದಿದ್ದ ನೆಲದ ಟೈಲ್ಸ್ ತಂದು, ಎರಡೆರಡರ ನಡುವೆ ಗ್ರೀಸ್ ಸವರಿ, ಮುಂದಿನ ಗಾಲಿಗಳ ಕೆಳಗೆ ಇಡಿಸಿದ. ಹಾಗೆ ಇಟ್ಟರೆ ಗಾಲಿ ನೆಲಕ್ಕೆ ಕಚ್ಚಿಕೊಳ್ಳದೆ ಸಲೀಸಾಗಿ ತಿರುಗುತ್ತದೆ. ನಾನು ಸ್ಟಿಯರಿಂಗ್ ನೇರ ಮಾಡಿ ಕಟ್ಟಿ, ಕೆಳಗೆ ಮಲಗಿ, ಗಾಲಿಯನ್ನು ತಿರುಗಿಸುವ ರಾಡಿನ ನಟ್ಟುಗಳನ್ನು ಸಡಿಲಿಸಿದೆ. ಅಪ್ಪ ಅಳತೆಪಟ್ಟಿ ಹಿಡಿದು ದಾರದಿಂದ ರಿಮ್ಮಿನ ಹಿಂದಿನ, ಮುಂದಿನ ಅಂಚಿಗೆ ಎಷ್ಟೆಷ್ಟು ಅಂತರ ಅಂತ ಹೇಳುವುದು, ನಾನು ರಾಡು ತಿರುವುವುದು.

‘ಸಾಕು. ಈಗ ಹಿಂದೂ ಮುಂದೂ ಒಂದ ಆತು,’ ಅಂದ.

‘ಒಂದ ಆಗಬಾರದಪ್ಪ. ಮುಂದಿನ ಅಂಚು ಒಂಚೂರು ಒಳಗ ಇರಬೇಕು.’

‘ಅಂದ್ರ ಸೊಟ್ಟ?’

‘ಓಡುವಾಗ ಗಾಲಿ ಹೊರಗ ಬಿಚ್ಚಿಕೋತಾವು. ಅದಕ್ಕ ನಿಂತಾಗ ಸ್ವಲ್ಪ ಒಳಗ ಇಡೋದು.’

‘ಇಷ್ಟು ವರ್ಷ ದಾರ ಹಿಡಿದೀನಿ. ಸೊಟ್ಟ ಕಟ್ಟು ಅಂದ ಇಂಜಿನಿಯರ್ ನೀನೊಬ್ಬನ.’

‘ನಿನ್ನ ಗೋಡಿ ಓಡಂಗಿಲ್ಲಲ್ಲ.’

‘ನಿನ್ನ ಬಾಯಿ ಕೇಳಿದ್ರ ಅದೂ ಓಡೀತು.’

ಎರಡೂ ಕಡೆ ಸಮಸಮ ತಿರುವಿ, ಬೇಕಾದಷ್ಟು ಒಳಗೆ ತಂದು, ಚಹಾ ತರಲು ಹೋದೆ. ಬಂದು ನಟ್ಟು ಬಿಗಿ ಮಾಡುವ ಮುಂಚೆ ಸುಮ್ಮನೆ ಇನ್ನೊಮ್ಮೆ ಅಳೆದೆ. ಹಿಂದೂ ಮುಂದೂ ಒಂದೇ. ಅಪ್ಪನ ಅಂಗಿಯ ಬೆನ್ನಿಗೆಲ್ಲ ಮಣ್ಣು ಮೆತ್ತಿತ್ತು. ನಾನಿಲ್ಲದಾಗ ಒಂದೇ ಕೈಯಲ್ಲಿ ಕೆಳಗೆ ನುಸುಳಿ ರಾಡು ತಿರುವಿದ್ದ.

‘ನಿನಗೇನು ತಲಿ ಕೆಟ್ಟೈತೇನು?’ ಅಂತ ಕೂಗಿದೆ. ರಸ್ತೆಯಲ್ಲಿ ಹೋಗುವವರು ನಿಂತು ನೋಡಿದರು.

‘ಕಣ್ಣಿಗೆ ಚುಚ್ಚಾಕತ್ತಿತ್ತಪ್ಪ,’ ಅಂದ ಮೆಲ್ಲಗೆ. ‘ದಾರದ ಬಾಜೂಕ ಸೊಟ್ಟ ನಿಂತಿದ್ದು ನೋಡಾಕ ಆಗಲಿಲ್ಲ.’

ಮತ್ತೆ ಕೆಳಗೆ ಮಲಗಿದೆ. ಮಲಗಿದಷ್ಟು ಹೊತ್ತೂ ಬೈದೆ. ಆದರೆ ಆ ಕೈಯಲ್ಲಿ ಅವನು ರಾಡನ್ನು ಹೇಗೆ ಹಿಡಿದನೋ ಅನ್ನುವುದು ತಲೆಯಿಂದ ಹೋಗಲಿಲ್ಲ.

ನಟ್ಟು ಬಿಗಿದು, ಟೈಲ್ಸ್ ತೆಗೆದು, ಒಬ್ಬನೇ ಒಂದು ಸುತ್ತು ಹೋಗಿಬಂದೆ. ಹೊಸ ಲೇಔಟಿನ ಹಿಂದಿನ ಉದ್ದ ರಸ್ತೆ ಖಾಲಿ ಇರುತ್ತದೆ. ಅಲ್ಲಿ ಸ್ಟಿಯರಿಂಗಿನಿಂದ ಎರಡೂ ಕೈ ಎತ್ತಿ ನೋಡಿದೆ. ಗಾಡಿ ಆಚೆ ಈಚೆ ವಾಲದೆ ನೇರ ಹೋಯಿತು. ಖುಷಿ ತಡೆಯಲಾರದೆ ಅಪ್ಪನನ್ನು ಅದೇ ರಸ್ತೆಗೆ ಕರೆತಂದು ಚಾವಿ ಕೊಟ್ಟು ಪಕ್ಕದಲ್ಲಿ ಕೂತೆ.

ಅಪ್ಪ ಹೊರಡಿಸಿದ. ಸ್ವಲ್ಪ ದೂರ ಚೆನ್ನಾಗಿತ್ತು. ಆಮೇಲೆ ಗಾಡಿ ಮೆಲ್ಲಮೆಲ್ಲಗೆ ಎಡಕ್ಕೆ ಸರಿಯಿತು. ಅವನು ತಿದ್ದಿದ. ಮತ್ತೆ ಸರಿಯಿತು.

‘ಇನ್ನೂ ಎಳಿತೈತಲ್ಲೋ.’

ನಾನು ಗಾಲಿಯ ಕಡೆ ಕಿವಿ ಕೊಟ್ಟೆ, ರಸ್ತೆ ನೋಡಿದೆ, ಕಡೆಗೆ ಅವನ ಕೈ ನೋಡಿದೆ. ಎಡಗೈ ಸ್ಟಿಯರಿಂಗಿಗೆ ನೇತುಹಾಕಿದ ಚೀಲದಂತೆ ಜೋತುಬಿದ್ದಿತ್ತು. ಅದರ ಭಾರವೇ ಗಾಡಿಯನ್ನು ಎಳೆಯುತ್ತಿತ್ತು. ಅವನಿಗೆ ಅದು ಗೊತ್ತಾಗುತ್ತಿರಲಿಲ್ಲ. ಕಣ್ಣು ರಸ್ತೆಯ ಮೇಲಿತ್ತು, ಮುಖದಲ್ಲಿ ಆಗಲೇ ಪಟಾನ್‌ಚೆರು ಬಂದುಬಿಟ್ಟಿತ್ತು.

ಯಾರನ್ನು ಬೈಯಲಿ? ಬೈಯಲು ಅಲ್ಲಿ ಗ್ಯಾರೇಜಿನ ಸೇಠ್ ಇರಲಿಲ್ಲ, ಅಲೈನ್‌ಮೆಂಟ್ ಅಂಗಡಿಯವನಿರಲಿಲ್ಲ.

‘ನಂದ ತಪ್ಪಪ್ಪ,’ ಅಂದೆ. ‘ನಟ್ಟು ಸರಿಯಾಗಿ ಬಿಗಿ ಮಾಡಿಲ್ಲ ನಾನು. ನಾಳಿ ಬಾಜೂಕ ಕುಂತು ಒಂದು ಕೈ ನಾನೂ ಹಿಡ್ಕೋತೀನಿ ಬಿಡು.’

ಅಪ್ಪ ಬ್ರೇಕ್ ಹಾಕಿದ.

‘ಏನಂದಿ?’

‘ನಟ್ಟು ಬಿಗಿ ಮಾಡಿಲ್ಲ ಅಂದೆ.’

‘ಅದಕ್ಕ ಮುಂಚೆ?’

‘ನಂದ ತಪ್ಪು ಅಂದೆ.’

ಅವನು ಇಂಜಿನ್ ಆರಿಸಿ ನಕ್ಕ. ಕೆಮ್ಮು ಬರುವವರೆಗೂ ನಕ್ಕ. ‘ಹುಟ್ಟಿದಾಗಿಂದ ಈ ಮಾತು ನಿನ್ನ ಬಾಯಾಗ ಕೇಳಿಲ್ಲೋ ಮಲ್ಲು. ಸಾಲಿ ಬಿಟ್ಟದ್ದು ಮಾಸ್ತರ ತಪ್ಪು, ಗ್ಯಾರೇಜ್ ಬಿಟ್ಟದ್ದು ಸೇಠನ ತಪ್ಪು.’ ಆಮೇಲೆ ನಗು ನಿಂತಿತು. ಬಲಗೈಯಿಂದ ಎಡಗೈಯನ್ನು ಬಿಡಿಸಿ, ಎತ್ತಿ, ತೊಡೆಯ ಮೇಲೆ ಇಟ್ಟುಕೊಂಡ. ಬಹಳ ಹೊತ್ತು ಅದನ್ನೇ ನೋಡಿದ. ‘ಗಾಡಿ ನೆಟ್ಟಗ ಐತಿ. ಹೌದಿಲ್ಲೋ?’

ನಾನು ಕಿಟಕಿಯ ಕಡೆ ತಿರುಗಿದೆ. ಅವನು ಇಳಿದು, ಸುತ್ತಿ ಬಂದು, ನನ್ನ ಬಾಗಿಲು ತೆಗೆದ. ‘ಸರಿ ಆಚಿಗೆ. ಬಸುರಿ ಹೆಣ್ಣುಮಗಳು ಕುಂದರೋ ಗಾಡಿ. ನೀ ನಡಸು.’

ಭಾನುವಾರ ನಾನೇ ನಡೆಸಿದೆ. ಅಪ್ಪ ಪಕ್ಕದ ಸೀಟಿನಲ್ಲಿ ಕೂತಿದ್ದ. ಪಟಾನ್‌ಚೆರುವಿನಲ್ಲಿ ತಂಗಿಯ ಓಣಿಯ ಬಾಯಲ್ಲಿ ನಾನೇ ನಿಲ್ಲಿಸಿ ಇಳಿದೆ.

‘ಯಾಕೋ?’

‘ಇಲ್ಲಿಂದ ನೀ ನಡಸು.’

‘ಬ್ಯಾಡೋ.’

‘ಬರ್ತೀನಿ ಅಂದೀ ಆಕಿಗೆ. ಬಾ ಈ ಕಡಿ.’

ಓಣಿಯಲ್ಲಿ ಕೋಳಿ ಬಿಟ್ಟರೆ ಬೇರೇನೂ ಅಡ್ಡ ಇರಲಿಲ್ಲ. ಮೊದಲ ಗೇರಿನಲ್ಲೇ ಹೋದೆವು. ಅವನ ಎಡಗೈಯ ಕೆಳಗೆ, ಹೊರಗಿನವರಿಗೆ ಕಾಣದ ಹಾಗೆ, ನಾನೂ ಸ್ಟಿಯರಿಂಗ್ ಹಿಡಿದಿದ್ದೆ. ಭಾಗ್ಯಶ್ರೀ ಹೊಟ್ಟೆ ಹಿಡಿದುಕೊಂಡು ಬಾಗಿಲಿಗೆ ಬಂದಳು. ಅಪ್ಪ ಹಾರನ್ ಹೊಡೆದ. ಅವಳು ಒಳಗೆ ತಿರುಗಿ ಗಂಡ ಕಲ್ಲೇಶನಿಗೆ ಹೇಳುವುದು ಕೇಳಿಸಿತು: ‘ನಾ ಹೇಳಿದ್ದಿಲ್ಲೇನ್ರಿ, ಅಪ್ಪ ತಾನ ಗಾಡಿ ಹೊಡಕೊಂಡು ಬರ್ತಾನ ಅಂತ.’

ಊಟ ಆಯಿತು, ಉಡಿ ತುಂಬಿದ್ದಾಯಿತು. ಹೊರಡುವಾಗ ಅಪ್ಪ ಹಿಂದಿನ ಸೀಟಿಗೆ ಹತ್ತಿ ಅವಳ ಪಕ್ಕ ಕೂತ.

‘ನೀ ನಡಸಂಗಿಲ್ಲೇನಪ್ಪಾ?’

‘ನಾ ನಡಸಿದ್ರ ನಿನ್ನ ಬಾಜೂಕ ಯಾರು ಕುಂದರಬೇಕು, ಈ ಮಲ್ಲು ಏನು?’

‘ಬ್ಯಾಡಪ್ಪಾ, ದಾರಿ ತುಂಬ ಇವನ ಬೈಗಳ. ಕೂಸು ಕೇಳಿಸಿಕೋತೈತಿ,’ ಅಂದಳು ಭಾಗ್ಯಶ್ರೀ.

ನಾನು ಬಾಯಿ ಮುಚ್ಚಿಕೊಂಡು ನಡೆಸಿದೆ. ಅಡ್ಡ ಬಂದ ಆಟೋದವನಿಗೂ ಏನೂ ಅನ್ನಲಿಲ್ಲ. ಹೈವೇಯಲ್ಲಿ ಸ್ಟಿಯರಿಂಗ್ ಮೇಲೆ ಬೆರಳು ಇಟ್ಟಿದ್ದರೆ ಸಾಕಿತ್ತು, ಗಾಡಿ ಅಷ್ಟು ನೇರ ಹೋಗುತ್ತಿತ್ತು. ಕನ್ನಡಿಯಲ್ಲಿ ನೋಡಿದೆ. ಭಾಗ್ಯಶ್ರೀ ಅಪ್ಪನ ಎಡಗೈಯನ್ನು ತನ್ನ ಹೊಟ್ಟೆಯ ಮೇಲೆ ಇಟ್ಟುಕೊಂಡಿದ್ದಳು. ಕೂಸು ಒದ್ದಿರಬೇಕು.

‘ಗೊತ್ತಾತೇನಪ್ಪಾ?’ ಅಂತ ಕೇಳಿದಳು.

‘ಗೊತ್ತಾತು,’ ಅಂದ ಅಪ್ಪ.