ಮೊದಲ ಚಾರ್ಜಿಂಗ್ ಕಂಬ

"ಜನರೇಟರ್ ಯಾಕೆ ಸಾರ್?" ಎಂದು ಜಯದೇವಿ ಕೇಳಿದಾಗ ಅವಳ ಮೇಲಧಿಕಾರಿ ವೆಂಕಟಗಿರಿಯವರು ಕಾರಿನ ಕನ್ನಡಿಯಲ್ಲಿ ತಲೆ ಬಾಚಿಕೊಳ್ಳುತ್ತಿದ್ದರು.

"ಮೈಕಿಗೆ ಕಣಮ್ಮ."

"ಅದರ ವೈರು ಕಂಬದೊಳಗೆ ಹೋಗಿದೆ ಸಾರ್."

ಅವರು ಬಾಚಣಿಗೆಯನ್ನು ಜೇಬಿಗಿಟ್ಟುಕೊಂಡರು. "ಮಿನಿಸ್ಟ್ರು ಬರೋ ಹೊತ್ತಾಯ್ತು. ಇವತ್ತೊಂದಿನ ಬಾಯಿ ಮುಚ್ಕೊಂಡಿರು."

ಅತ್ತಿಗುಪ್ಪೆಯ ಕಲ್ಯಾಣಮಂಟಪದ ಎದುರು ನಿಂತಿದ್ದ ಆ ಹಸಿರು ಕಂಬ, ಎಲೆಕ್ಟ್ರಿಕ್ ಕಾರುಗಳಿಗಾಗಿ ಇಲಾಖೆ ನಿಲ್ಲಿಸಿದ ಮೊದಲ ಚಾರ್ಜಿಂಗ್ ಕಂಬ. ಬಿಜಾಪುರದ ಕಡೆಯಿಂದ ಬಂದು ಇಲಾಖೆಗೆ ಸೇರಿದ ಜಯದೇವಿ, ರಾಜಾಜಿನಗರದಿಂದ ಕೆಂಗೇರಿಯವರೆಗೆ ಬಿಸಿಲಲ್ಲಿ ಅಲೆದು, ಎಲ್ಲಿ ಕಾರುಗಳು ಹೆಚ್ಚು ಹೊತ್ತು ನಿಲ್ಲುತ್ತವೆ, ಎಲ್ಲಿ ವಿದ್ಯುತ್ ಹತ್ತಿರವಿದೆ ಎಂದು ನೋಡಿ ಯೋಜನೆ ಬರೆದಿದ್ದಳು. ಮೊದಲ ಕಂಬಕ್ಕೆ ಅವಳು ಆರಿಸಿದ್ದು ವಿಜಯನಗರದ ಮಾರುಕಟ್ಟೆಯ ಹಿಂದಿನ ಜಾಗ. ಅಲ್ಲಿ ವೇದಿಕೆ ಹಾಕಲು ಆಗುವುದಿಲ್ಲವೆಂದು ಕಂಬ ಇಲ್ಲಿಗೆ ಬಂತು. ಇಲ್ಲಿ ನೆಲದಡಿ ಕೇಬಲ್ಲೇ ಇರಲಿಲ್ಲ. ರಸ್ತೆ ಅಗೆಯುವ ಅನುಮತಿ ಯಾವುದೋ ಮೇಜಿನ ಮೇಲೆ ಮಲಗಿತ್ತು. ಸಮಾರಂಭದ ದಿನ ಮಾತ್ರ ನಿಶ್ಚಯವಾಗಿತ್ತು.

ಜನರೇಟರ್ ಗುಡುಗಿತು. ಕಪ್ಪು ಹೊಗೆ ಶಾಮಿಯಾನದ ಹಿಂದಿನ ಓಣಿಗೆ ನುಗ್ಗಿದ್ದನ್ನು ಕಂಡ ಜಯದೇವಿ, ಅಂಜಮ್ಮನ ನೆನಪಾಗಿ ಅತ್ತ ಓಡಿದಳು.

ತನ್ನ ಮಗಳ ಮದುವೆಗೂ ಮುಂಚಿನಿಂದ ಅಂಜಮ್ಮ ಇಡ್ಲಿ ಗಾಡಿ ನಿಲ್ಲಿಸುತ್ತಿದ್ದದ್ದು ಈಗ ಕಂಬವಿದ್ದ ಜಾಗದಲ್ಲೇ. ಪೊಲೀಸರಿಂದ ಎಬ್ಬಿಸುವುದು ಬೇಡವೆಂದು ಜಯದೇವಿ ತಾನೇ ಬಂದು ಒಪ್ಪಿಸಿದ್ದಳು. ಹೊಗೆ ಇಲ್ಲದ ಕಾರುಗಳು ಬರುತ್ತವೆ, ನಿಮ್ಮ ಕೆಮ್ಮೂ ಕಡಿಮೆಯಾಗುತ್ತದೆ ಎಂದಿದ್ದಳು. ಅಂಜಮ್ಮ ನಂಬಿ ಗಾಡಿಯನ್ನು ಓಣಿಗೆ ತಳ್ಳಿಕೊಂಡಿದ್ದಳು.

ಈಗ ಅವಳು ಸೆರಗಿನಿಂದ ಮೂಗು ಮುಚ್ಚಿಕೊಂಡು, ಇನ್ನೊಂದು ಕೈಯಿಂದ ಇಡ್ಲಿ ತಟ್ಟೆಯ ಮೇಲಿನ ಹೊಗೆಯನ್ನು ಬೀಸಿ ಓಡಿಸುತ್ತಿದ್ದಳು.

"ಇದೇಯೇನವ್ವಾ, ಹೊಗೆ ಇಲ್ದಿರೋ ಕಾರು?" ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. "ತಿಂದು ನೋಡು. ಗಿರಾಕಿಗೋಳು ಉಗ್ದು ಹೋಯ್ತಾವ್ರೆ."

ಜಯದೇವಿ ಒಂದು ತುಂಡು ಬಾಯಿಗಿಟ್ಟಳು. ಡೀಸೆಲ್ಲಿನ ಕಮಟು ನಾಲಿಗೆಗೆ ಅಂಟಿತು. ಅಂಜಮ್ಮನ ಕಣ್ಣೆದುರು ಉಗುಳಲಾರದೆ ನುಂಗಿದಳು.

ಸಚಿವರು ಬಂದರು. ಚೆಂಡುಹೂವಿನ ಹಾರ ಹಾಕಿದ್ದ ಪುಟ್ಟ ಕಾರಿನ ಮೂತಿಗೆ ಪ್ಲಗ್ಗು ಚುಚ್ಚಿದರು. ಕಂಬದ ಮೇಲೆ ಹಸಿರು ದೀಪ ಹತ್ತಿತು, ಚಪ್ಪಾಳೆ ಬಿತ್ತು. "ಹೊಗೆಮುಕ್ತ ನಗರ" ಎಂದು ಸಚಿವರು ಆರಂಭಿಸಿದರೆ ಜನರೇಟರಿನ ಸದ್ದಿಗೆ ಮುಂದಿನ ಮಾತು ಕೇಳಿಸಲಿಲ್ಲ. ಭಾಷಣ ಮುಗಿಸಿ ಬಂದವರು ಬೆವರೊರೆಸುತ್ತಾ ಪ್ಲಗ್ಗು ಕಿತ್ತ ಕಾರಿನೊಳಗೆ ಕೂತು ಏಸಿ ಹಾಕಿಸಿದರು. ಫೋಟೋದವರು ಸಾಕೆನ್ನುವವರೆಗೂ ಇಳಿಯಲಿಲ್ಲ. ಓಣಿಯಿಂದ ಮರಳಿದ ಜಯದೇವಿ ವೆಂಕಟಗಿರಿಯವರ ಪಕ್ಕದಲ್ಲಿ ನಿಂತು ನೋಡಿದಳು.

ಯುವ ವರದಿಗಾರನೊಬ್ಬ ಅವಳ ಹತ್ತಿರ ಬಂದ. "ಮೇಡಂ, ಆ ಜನರೇಟರು?"

"ಮೈಕಿಗೆ, ಮೈಕಿಗೆ," ಎಂದರು ಪಕ್ಕದಲ್ಲಿದ್ದ ವೆಂಕಟಗಿರಿ.

"ಅಲ್ರೀ," ಎಂದಳು ಜಯದೇವಿ. ಆಫೀಸಿನಲ್ಲಿ ಎಂದೂ ಆಡದ ಊರ ಮಾತು ತಾನಾಗಿ ಹೊರಬಂತು. "ಕಾರಿಗೂ ಅದರಿಂದನ ಕರೆಂಟ್ ಕೊಡಾಕತ್ತಾರ. ಈ ಕಂಬಕ್ಕ ಲೈನೇ ಇಲ್ಲ. ಬೇಕಾದ್ರ ಹಿಂದ ಹೋಗಿ ನೋಡ್ರಿ, ಬರೀರಿ."

ಕೆಲಸ ಹೋದರೂ ಹೋಗಲಿ ಎಂದುಕೊಂಡಳು.

ವರದಿಗಾರ ನಕ್ಕ. "ಬಿಡಿ ಮೇಡಂ, ಫಂಕ್ಷನ್ ಅಂದ್ಮೇಲೆ ಇವೆಲ್ಲಾ ಇದ್ದಿದ್ದೇ." ಪೆನ್ನಿಗೆ ಕ್ಯಾಪು ಹಾಕಿ ವೆಂಕಟಗಿರಿಯವರ ಕಡೆ ತಿರುಗಿದ. "ಸಾರ್, ಊಟ ಮೇಲ್ಗಡೆನಾ, ಕೆಳಗಡೆನಾ?"

"ಮೇಲೆ, ಮೇಲೆ." ವೆಂಕಟಗಿರಿಯವರಿಗೂ ಸಿಟ್ಟು ಬಂದಿರಲಿಲ್ಲ. ಮಗಳಿಗೆ ಹೇಳುವಂತೆ ಜಯದೇವಿಗೆ ಹೇಳಿದರು: "ಊಟ ಮಾಡು ಬಾಮ್ಮ. ಮಿನಿಸ್ಟ್ರು ಖುಷಿಯಾಗಿದಾರೆ, ಇಂಥವೇ ಇನ್ನೂ ನೂರು ಬೇಕಂತೆ. ಪ್ಲಾನ್ ನೀನೇ ಬರೀಬೇಕು."

ಬೈದಿದ್ದರೂ ಇಷ್ಟು ಹೇಸಿಗೆಯಾಗುತ್ತಿರಲಿಲ್ಲ. ಅವಳು ಊಟಕ್ಕೆ ಹೋಗಲಿಲ್ಲ.

ಎಲ್ಲರೂ ಮೆಟ್ಟಿಲೇರಿದ ಮೇಲೆ ಜನರೇಟರನ್ನು ಟೆಂಪೋಗೆ ಹೇರಿಕೊಂಡು ಹೋದರು. ಕಂಬದ ದೀಪ ಆರಿತು. ಚಾಲಕ ಬೆಟ್ಟಯ್ಯ ಆ ಪುಟ್ಟ ಕಾರನ್ನು ರಸ್ತೆಗೆ ತಿರುಗಿಸಿದ್ದೇ ತಡ, ಅದು ನಡುರಸ್ತೆಯಲ್ಲಿ ಸದ್ದಿಲ್ಲದೆ ನಿಂತುಬಿಟ್ಟಿತು.

"ಏಸಿ ಚಾರ್ಜೆಲ್ಲಾ ಕುಡಿದ್ಬಿಡ್ತು ಮೇಡಂ," ಎಂದ ಕಿಟಕಿಯಿಂದ ತಲೆ ಹೊರಹಾಕಿ.

ಹಿಂದೆ ಬಸ್ಸು, ಆಟೋಗಳು ಒಂದೇ ಸಮನೆ ಹಾರನ್ ಹೊಡೆಯತೊಡಗಿದವು. ಜಯದೇವಿ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಕಾರಿನ ಹಿಂದೆ ಬಂದಳು.

"ನೀವ್ಯಾಕೆ ಮೇಡಂ, ಬಿಡಿ. ಯಾರನ್ನಾದ್ರೂ ಕರೀತೀನಿ."

"ಸ್ಟೇರಿಂಗ್ ಹಿಡೀರಿ ನೀವು."

ಬಿಸಿಲಿಗೆ ಕಾದ ಗಾಜಿಗೆ ಎರಡೂ ಅಂಗೈ ಒತ್ತಿ ನೂಕಿದಳು. ಕಾರು ಅಲುಗಿತು. ಮಹಡಿಯ ಕಿಟಕಿಗಳಿಂದ ಪಲ್ಯದ ಸೌಟಿನ ಸದ್ದು, ನಗು ಕೇಳಿಬರುತ್ತಿತ್ತು. ಹಾರದಿಂದ ಉದುರಿದ ಚೆಂಡುಹೂಗಳು ಚಕ್ರದಡಿ ಚಪ್ಪಟೆಯಾಗಿ ಡಾಂಬರಿಗೆ ಅಂಟುತ್ತಿದ್ದವು. ಅವಳು ತಲೆ ತಗ್ಗಿಸಿ, ಅವುಗಳನ್ನೇ ತುಳಿಯುತ್ತಾ, ಕಾರನ್ನು ರಸ್ತೆಯ ಅಂಚಿಗೆ ತಳ್ಳಿಕೊಂಡು ಹೋದಳು.